ಸಲಹೆಯೂ ಒಂದು ಅಮಾನತ್ತು

ಕಳೆದ ಮಳೆಗಾಲದ ಒಂದು ರಾತ್ರಿ, ಇಶಾ ನಮಾಝ್ ಮುಗಿದು ಜನರೆಲ್ಲ ಹೊರಟುಹೋದ ಮೇಲೂ ಒಬ್ಬ ಯುವಕ ಮಸೀದಿಯ ಜಗಲಿಯಲ್ಲಿ ಕುಳಿತೇ ಇದ್ದ. ಹದಿನೈದು ವರ್ಷಗಳ ಹಿಂದೆ ಮದ್ರಸದಲ್ಲಿ ನನ್ನಲ್ಲಿ ಕಲಿತವನು. ಬಿ.ಕಾಂ. ಮುಗಿಸಿ, ಪರೀಕ್ಷೆಗಳನ್ನು ಬರೆದು, ಈಗ ಸಹಕಾರನಗರದ ಒಂದು ಬ್ಯಾಂಕ್ ಶಾಖೆಯಲ್ಲಿ ಹಣಕಾಸು ಸಲಹೆಗಾರನಾಗಿದ್ದಾನೆ. ಹತ್ತಿರ ಹೋದಾಗ ಎದ್ದು ಸಲಾಂ ಹೇಳಿ, "ಉಸ್ತಾದ್, ನನ್ನ ಸಂಬಳ ಹಲಾಲೋ?" ಎಂದು ಕೇಳಿದ.

ಬಡ್ಡಿಯ ಕುರಿತು ನಾವು ಸಾಮಾನ್ಯವಾಗಿ ನೀಡುವ ಉತ್ತರವನ್ನು ನಾನು ಆರಂಭಿಸಿದೆ. ಅವನು ವಿನಯದಿಂದಲೇ ತಡೆದ. "ಅದನ್ನು ಎಷ್ಟೋ ಜನರಲ್ಲಿ ಕೇಳಿದ್ದೇನೆ. ನಾನು ಕೇಳುತ್ತಿರುವುದು ಬೇರೆ. ನಾನು ಕೊಡುವ ಸಲಹೆಯ ಬಗ್ಗೆ ಕೇಳುತ್ತಿದ್ದೇನೆ."

ಅವನು ಹೇಳಿದ್ದನ್ನು ಸಾಧ್ಯವಾದಷ್ಟು ಅವನ ಕ್ರಮದಲ್ಲೇ ಬರೆಯುತ್ತೇನೆ.

ಬೆಳಿಗ್ಗೆ ಶಾಖೆಯ ಬಾಗಿಲು ಗ್ರಾಹಕರಿಗೆ ತೆರೆಯುವ ಮೊದಲೇ ಸಿಬ್ಬಂದಿಯ ಸಣ್ಣ ಸಭೆ ನಡೆಯುತ್ತದೆ. ಇಂದು ಎಷ್ಟು ವಿಮೆ, ಎಷ್ಟು ಮ್ಯೂಚುವಲ್ ಫಂಡ್, ಎಷ್ಟು ಹೊಸ ಖಾತೆ ಎಂದು ಪ್ರತಿಯೊಬ್ಬರೂ ಬಾಯಿಬಿಟ್ಟು ಒಂದು ಸಂಖ್ಯೆ ಹೇಳಬೇಕು. ಬಳಿಕ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆರೆದುಕೊಳ್ಳುತ್ತದೆ: ಯಾರ ಉಳಿತಾಯ ಖಾತೆಯಲ್ಲಿ ದೊಡ್ಡ ಮೊತ್ತ ಸುಮ್ಮನೆ ಬಿದ್ದಿದೆ, ಯಾರ ಎಫ್‌ಡಿ ಈ ವಾರ ಮುಗಿಯುತ್ತದೆ, ಯಾರಿಗೆ ಕೊಲ್ಲಿಯಲ್ಲಿರುವ ಮಗನಿಂದ ಹಣ ಬಂದಿದೆ. ಅವರಿಗೆಲ್ಲ ಫೋನ್ ಮಾಡಬೇಕು. ಸಂಜೆ ಮೇಲಧಿಕಾರಿಯ ಕರೆ ಬರುತ್ತದೆ. ಕೇಳುವ ಪ್ರಶ್ನೆ ಒಂದೇ, ಬೆಳಿಗ್ಗೆ ಹೇಳಿದ ಸಂಖ್ಯೆ ಏನಾಯಿತು? ಗ್ರಾಹಕನಿಗೆ ಏನು ಬೇಕಿತ್ತು ಎಂದು ಆ ಕರೆಯಲ್ಲಿ ಯಾರೂ ವಿಚಾರಿಸಿದ್ದು ಅವನಿಗೆ ನೆನಪಿಲ್ಲ.

ಬೆಂಗಳೂರಿನ ಉತ್ತರ ಭಾಗವನ್ನು ಬಲ್ಲವರಿಗೆ ಸಹಕಾರನಗರ ಗೊತ್ತು. ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ಎಡಕ್ಕೆ ಸಿಗುವ ಬಡಾವಣೆ. ನೌಕರಿ ಮುಗಿಸಿ ಮನೆ ಕಟ್ಟಿಕೊಂಡು ನೆಮ್ಮದಿಯಾಗಿರಬಯಸುವ ಹಿರಿಯರು ಅಲ್ಲಿ ಬಹಳ. ಜೀವಮಾನದ ಉಳಿತಾಯ, ಆಗಾಗ ಆಸ್ಪತ್ರೆಯ ಖರ್ಚು, ದೂರದ ಊರಿನಲ್ಲಿ ಮಕ್ಕಳು. ಬ್ಯಾಂಕಿನಲ್ಲಿ ಮಾತನಾಡಿಸುವ ಹುಡುಗನನ್ನು ಅವರು ಬೇಗ ನಂಬುತ್ತಾರೆ.

ಹಾಗೆ ನಂಬಿದವರಲ್ಲಿ ಒಬ್ಬರು ನಿವೃತ್ತ ಶಿಕ್ಷಕರು. ಮುಸ್ಲಿಮರಲ್ಲ. ಆರು ಲಕ್ಷದ ಎಫ್‌ಡಿ ಮುಗಿದಾಗ ಅದನ್ನು ಮುಂದುವರಿಸಲು ಬಂದಿದ್ದರು. "ಇದಕ್ಕಿಂತ ಒಳ್ಳೆಯದೊಂದಿದೆ ಸಾರ್" ಎಂದು ಇವನು ಕೂರಿಸಿ ವಿಮಾ ಪಾಲಿಸಿಯೊಂದನ್ನು ಮಾಡಿಸಿದ. ವರ್ಷಕ್ಕೆ ಮೂರು ಲಕ್ಷದಂತೆ ಐದು ವರ್ಷ ಕಟ್ಟಬೇಕಾದ ಪಾಲಿಸಿ. ಅವರು ಅದನ್ನು ಒಮ್ಮೆ ಇಟ್ಟರೆ ಮುಗಿಯುವ ಠೇವಣಿ ಎಂದೇ ತಿಳಿದುಕೊಂಡರು. "ನಾನು ಸುಳ್ಳು ಹೇಳಲಿಲ್ಲ ಉಸ್ತಾದ್. 'ಎಫ್‌ಡಿಯಂತೆಯೇ' ಎಂದೆ. ಅವರು ಅರ್ಥಮಾಡಿಕೊಂಡದ್ದನ್ನು ತಿದ್ದಲಿಲ್ಲ." ನಷ್ಟ ತಾಳುವ ಶಕ್ತಿ ಎಷ್ಟು ಎಂದು ಗ್ರಾಹಕನನ್ನು ಕೇಳಿ ತುಂಬಬೇಕಾದ ಫಾರಂ ಒಂದಿದೆಯಂತೆ. ಅದನ್ನೂ ಇವನೇ ತುಂಬಿದ. ಅವರು ಕನ್ನಡಕ ಮರೆತು ಬಂದಿದ್ದರು, ತೋರಿಸಿದಲ್ಲಿ ಸಹಿ ಹಾಕಿದರು.

ಈಗ ನಮ್ಮ ವಿಷಯಕ್ಕೆ ಬರೋಣ. ಬ್ಯಾಂಕ್ ನೌಕರಿಯ ಮಾತು ಬಂದೊಡನೆ ನಾವು ಬಡ್ಡಿಯ ಚರ್ಚೆಗೆ ತೊಡಗುತ್ತೇವೆ. ತೊಡಗಲೇಬೇಕು. ಬಡ್ಡಿ ಉಣ್ಣುವವನ ಜೊತೆಗೆ ಕೊಡುವವನನ್ನೂ, ಬರೆಯುವವನನ್ನೂ, ಸಾಕ್ಷಿಗಳನ್ನೂ ಪ್ರವಾದಿ(ಸ)ರು ಶಪಿಸಿದ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಅದನ್ನು ಹಗುರಗೊಳಿಸುವ ಅಧಿಕಾರ ನನಗಿಲ್ಲ. ಬ್ಯಾಂಕಿನ ಯಾವ ಕೆಲಸ ಆ ವ್ಯಾಪ್ತಿಗೆ ಬರುತ್ತದೆ, ಯಾವುದು ಬರುವುದಿಲ್ಲ, ಅನಿವಾರ್ಯತೆಯ ಮಿತಿ ಎಲ್ಲಿಯವರೆಗೆ ಎಂಬುದರಲ್ಲಿ ವಿದ್ವಾಂಸರ ನಡುವೆ ಮಾತಿದೆ. ನಾನು ಮುಫ್ತಿಯಲ್ಲ. ಆದರೆ ಆ ಒಂದು ಪ್ರಶ್ನೆಯಲ್ಲೇ ನಮ್ಮ ವಿಚಾರಣೆ ಮುಗಿದುಹೋಗುತ್ತದೆಯಲ್ಲ, ಅದು ನನ್ನನ್ನು ಕಾಡುತ್ತದೆ. ಸಂಬಂಧ ಕೇಳಲು ಬಂದ ಹುಡುಗ ಬ್ಯಾಂಕಿನವನೆಂದು ತಿಳಿದರೆ ಹಿಂದೆ ಸರಿಯುವ ಮನೆಗಳನ್ನು ಕಂಡಿದ್ದೇನೆ. ಮಾರುವ ನಿವೇಶನದ ಮೇಲಿನ ವ್ಯಾಜ್ಯವನ್ನು ಮುಚ್ಚಿಟ್ಟು ದಲ್ಲಾಳಿತನ ಮಾಡುವವನಿಗೆ ಅದೇ ಮನೆಯವರು ಸಂತೋಷದಿಂದ ಹೆಣ್ಣು ಕೊಟ್ಟದ್ದನ್ನೂ ಕಂಡಿದ್ದೇನೆ.

ಯಾರಲ್ಲಿ ಸಲಹೆ ಕೇಳಲಾಗುತ್ತದೆಯೋ ಅವನು ಅಮಾನತ್ತು ಹೊತ್ತವನು ಎಂಬ ಅರ್ಥದ ಹದೀಸ್ ಅಬೂ ದಾವೂದ್, ತಿರ್ಮಿದಿ ಸಂಗ್ರಹಗಳಲ್ಲಿದೆ. ಮದ್ರಸದಲ್ಲಿ ಅಮಾನತ್ತಿನ ಪಾಠ ಮಾಡುವಾಗ ನಾವು ಸಾಮಾನ್ಯವಾಗಿ ಇಟ್ಟ ವಸ್ತುವಿನ, ಕೊಟ್ಟ ಹಣದ ಉದಾಹರಣೆ ಕೊಡುತ್ತೇವೆ. ಸಲಹೆಯ ಉದಾಹರಣೆಯನ್ನು ನಾನಂತೂ ಕೊಟ್ಟ ನೆನಪಿಲ್ಲ. ಆ ಹುಡುಗ ನನ್ನ ವಿದ್ಯಾರ್ಥಿಯಾಗಿದ್ದನೆಂಬುದು ನೆನಪಾದಾಗ ಇದು ಇನ್ನಷ್ಟು ಚುಚ್ಚುತ್ತದೆ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ)ರು ಕೈ ಹಾಕಿದಾಗ ಬೆರಳಿಗೆ ತೇವ ತಗಲಿದ ಪ್ರಸಂಗ ಎಲ್ಲರಿಗೂ ಗೊತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ನೆನೆದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು. ಆ ವ್ಯಾಪಾರಿಯೂ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ, ಒಣಗಿದ್ದನ್ನು ಮೇಲಿಟ್ಟಿದ್ದ ಅಷ್ಟೆ. ಕೊಳ್ಳುವವರು ಯಾವ ಧರ್ಮದವರು ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಮಕ್ಕಾದಿಂದ ಹಿಜ್ರತ್ ಹೊರಡುವಾಗ ಪ್ರವಾದಿ(ಸ)ರ ಬಳಿ ಇದ್ದ ಠೇವಣಿಗಳು ಆ ಊರಿನವರದ್ದು, ಅವರ ಸಂದೇಶವನ್ನು ಒಪ್ಪದವರದ್ದು. ಅವುಗಳನ್ನು ಒಡೆಯರಿಗೆ ಮುಟ್ಟಿಸಲೆಂದು ಅಲೀ(ರ)ಯವರು ಹಿಂದೆ ಉಳಿದರು.

ಬಡ್ಡಿ ಇಲ್ಲ ಎಂಬ ಒಂದೇ ಮಾತನ್ನು ಕೇಳಿ ಉಳಿದದ್ದನ್ನು ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಮುಸ್ಲಿಮರು 2019ರ ಜೂನ್‌ನಲ್ಲಿ ಕಂಡರು. ಐಎಂಎ, ಅಂದರೆ ಐ ಮಾನಿಟರಿ ಅಡ್ವೈಸರಿ. ಸಲಹೆ ಎಂಬ ಪದ ಆ ಸಂಸ್ಥೆಯ ಹೆಸರಿನಲ್ಲೇ ಇತ್ತು. ಹಲಾಲ್ ಹೂಡಿಕೆಯೆಂದು ಕರೆದು, ಹಣ ಇಟ್ಟವರನ್ನು ಪಾಲುದಾರರೆಂದು ಹೆಸರಿಸಿ, ಬ್ಯಾಂಕಿನ ಬಡ್ಡಿದರಕ್ಕಿಂತ ಎಷ್ಟೋ ಹೆಚ್ಚಿನ ಮೊತ್ತವನ್ನು ತಿಂಗಳು ತಿಂಗಳೂ ಲಾಭಾಂಶವಾಗಿ ಹಂಚುತ್ತಿದ್ದರು. ಮುಖ್ಯಸ್ಥ ಮನ್ಸೂರ್ ಖಾನ್ ದುಬೈಗೆ ಹೋದ ಮೇಲೆ ಶಿವಾಜಿನಗರದ ಕಚೇರಿಯ ಮುಂದೆ ಜನ ಸಾಲುಗಟ್ಟಿದರು. ಜುಲೈಯಲ್ಲಿ ದೆಹಲಿಯಲ್ಲಿ ಅವನ ಬಂಧನವಾಯಿತು, ಬಳಿಕ ಪ್ರಕರಣ ಸಿಬಿಐಗೆ ಹೋಯಿತು. ದೂರು ಕೊಟ್ಟವರು ಹತ್ತಾರು ಸಾವಿರ. ಮಗಳ ಮದುವೆಗೆಂದು ಒಡವೆ ಮಾರಿ ಹಣ ಇಟ್ಟ ತಾಯಂದಿರ ಮುಂದೆ ಅಂದು ನಾವು, ಮಿಂಬರಿನಲ್ಲಿ ನಿಲ್ಲುವವರು, ಏನೂ ಹೇಳಲಾರದೆ ಹೋದೆವು.

ಅಲ್ಲಿ ಕೇಳಬೇಕಾಗಿದ್ದದ್ದೂ ಸಹಕಾರನಗರದ ಆ ಮೇಜಿನ ಮುಂದೆ ಕೇಳಬೇಕಾದದ್ದೂ ಒಂದೇ ಬಗೆಯ ಪ್ರಶ್ನೆಗಳು. ಈ ಲಾಭ ಯಾವ ವ್ಯಾಪಾರದಿಂದ ಬರುತ್ತಿದೆ? ವ್ಯಾಪಾರದಲ್ಲಿ ಏರಿಳಿತವಿರುವಾಗ ಇದರಲ್ಲಿ ಮಾತ್ರ ಏಕಿಲ್ಲ? ನಾನು ಸಹಿ ಹಾಕಿದರೆ ನಿನಗೆ ಅಥವಾ ನಿನ್ನ ಸಂಸ್ಥೆಗೆ ಎಷ್ಟು ಬರುತ್ತದೆ? ಕೊನೆಯದನ್ನು ಕೇಳಲು ನಮ್ಮವರಿಗೆ ಸಂಕೋಚ. ವ್ಯವಹಾರವನ್ನು ಬರೆದಿಟ್ಟುಕೊಳ್ಳಿ ಎಂದು ಆದೇಶಿಸುವ ಸೂಕ್ತವೇ ಕುರ್‌ಆನಿನ ಅತಿ ದೀರ್ಘ ಸೂಕ್ತವಾಗಿರುವಾಗ ಈ ಸಂಕೋಚ ಎಲ್ಲಿಂದ ಬಂತೋ ತಿಳಿಯದು.

ಹುಡುಗನೇ ನನಗೆ ಇನ್ನೊಂದು ವಿಷಯ ತಿಳಿಸಿದ. ಹೂಡಿಕೆ ಸಲಹೆಗಾರರಿಗೆಂದು ಸೆಬಿ 2013ರಿಂದ ಪ್ರತ್ಯೇಕ ನಿಯಮಾವಳಿ ಜಾರಿಗೆ ತಂದಿದೆ. ಕಮಿಷನ್ ಪಡೆದು ಮ್ಯೂಚುವಲ್ ಫಂಡ್ ಮಾರುವವನು ಅಲ್ಲಿ ನೋಂದಾಯಿಸಿಕೊಳ್ಳದೆ ಸಲಹೆಗಾರನೆಂಬ ಹೆಸರು ಹಾಕಿಕೊಳ್ಳುವಂತಿಲ್ಲ ಎಂದು 2020ರಲ್ಲಿ ಇನ್ನಷ್ಟು ಬಿಗಿ ಮಾಡಿದೆ. ಮಾರುವವನು ಬೇರೆ, ಹಿತ ಹೇಳುವವನು ಬೇರೆ ಎಂದು ಕಾನೂನೇ ಗೆರೆ ಎಳೆದಿದೆಯೆಂದಾಯಿತು. ಬ್ಯಾಂಕುಗಳು ತಪ್ಪು ತಿಳಿವಳಿಕೆ ನೀಡಿ ವಿಮೆ ಮಾರುವುದರ ಬಗ್ಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವೆಯೇ ಬಹಿರಂಗವಾಗಿ ಎಚ್ಚರಿಸಿದ್ದರು. ಹೀಗಿರುವಾಗ ಎಲ್ಲ ಹೊಣೆಯನ್ನೂ ಮೂವತ್ತು ವರ್ಷದ ಹುಡುಗನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಾಗೆಂದು ಅವನ ಪಾಲು ಇಲ್ಲವಾಗುವುದೂ ಇಲ್ಲ. ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದವನು ಅವನೇ.

ಕೆಲಸ ಬಿಡು ಎಂದು ನಾನು ಅಂದು ಹೇಳಲಿಲ್ಲ. ಹೇಳಬೇಕಾಗಿತ್ತು ಎನ್ನುವ ಓದುಗರಿರಬಹುದು. ನಮ್ಮಲ್ಲಿ ಹಣದ ಕಾಗದ ಓದಬಲ್ಲವರು ಕಡಿಮೆ. ಬಡ್ಡಿರಹಿತ ವ್ಯವಸ್ಥೆಗೆ ಅವಕಾಶ ಕೊಡಬಹುದೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿತ್ತು. ಇಸ್ಲಾಮೀ ಬ್ಯಾಂಕಿಂಗ್ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು 2017ರಲ್ಲಿ ರಿಸರ್ವ್ ಬ್ಯಾಂಕ್ ತಿಳಿಸಿತು. ಟಾಟಾ ಎಥಿಕಲ್ ಫಂಡ್‌ನಂತಹ ಕೆಲವು ದಾರಿಗಳಿವೆ, ಅವುಗಳಲ್ಲೂ ನಷ್ಟದ ಸಾಧ್ಯತೆ ಇದೆ. ಇದನ್ನೆಲ್ಲ ಒಬ್ಬ ವಿಧವೆಗೆ ಅವಳ ಭಾಷೆಯಲ್ಲಿ, ತೇವದ ಭಾಗವನ್ನೂ ಮೇಲಿಟ್ಟು ವಿವರಿಸಬಲ್ಲವನು ನಮ್ಮ ಮೊಹಲ್ಲಾಗಳಲ್ಲಿ ಯಾರಿದ್ದಾನೆ? ಆ ವಿದ್ಯೆ ಇದ್ದವನನ್ನು ದೂರವಿಟ್ಟೆವು, ಇಲ್ಲದವರ ಹಿಂದೆ ಹೋದೆವು.

ನಾನು ಕೇಳಿದ್ದು ಇಷ್ಟೇ: ಆ ಪಾಲಿಸಿಯನ್ನು ಹಿಂದಿರುಗಿಸಲು ಬರುತ್ತದೆಯೇ? ಪತ್ರ ಕೈಸೇರಿದ 30 ದಿನಗಳೊಳಗೆ ಬೇಡವೆನ್ನಬಹುದು, ಸಣ್ಣ ಕಡಿತವಾಗಿ ಹಣ ಮರಳುತ್ತದೆ ಎಂದ. ಅಂದಿಗೆ ಎಷ್ಟು ದಿನವಾಗಿತ್ತು? ಇಪ್ಪತ್ತೆರಡು. ಮರುದಿನ ಕೆಲಸ ಮುಗಿಸಿ ಅವರ ಮನೆಗೆ ಹೋದನಂತೆ. ಎಲ್ಲವನ್ನೂ ಹೇಳಿದಾಗ ಆ ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ಕನ್ನಡಕ ಹಾಕಿಕೊಂಡು, ಅವನು ಬರೆದ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಒಂದು ಕಾಗುಣಿತ ತಪ್ಪು ತಿದ್ದಿ, ಸಹಿ ಹಾಕಿದರಂತೆ.

ಆ ತಿಂಗಳ ಅವನ ಲೆಕ್ಕದಿಂದ ಮೂರು ಲಕ್ಷ ಕಳೆಯಿತು. ಸಂಜೆಯ ಕರೆಯಲ್ಲಿ ಕೇಳಿದ ಮಾತುಗಳನ್ನು ಅವನು ನನಗೆ ಪೂರ್ತಿ ಹೇಳಿಲ್ಲ. ಹಣ ಮರಳಿದ ಮೇಲೆ ಮೇಷ್ಟ್ರು ಮತ್ತೆ ಅದೇ ಶಾಖೆಗೆ ಬಂದು, ಅದೇ ಮೇಜಿನ ಮುಂದೆ ಕುಳಿತು ಎಫ್‌ಡಿ ಮಾಡಿಸಿದರು. ಫಾರಂ ತುಂಬಿಕೊಟ್ಟವನು ಇವನೇ. ಅದರ ಬಡ್ಡಿಯನ್ನು ಬರೆದವನೂ ಇವನೇ ಆದನಲ್ಲ ಎಂದು ಕಳೆದ ವಾರ ಫೋನಿನಲ್ಲಿ ನನ್ನನ್ನು ಕೇಳಿದ. ಆ ಪ್ರಶ್ನೆಗೆ ನನ್ನಿಂದ ಇನ್ನೂ ಉತ್ತರ ಹೋಗಿಲ್ಲ.