ಅಳಿಸುವ ಡಸ್ಟರ್ ಕಾಣೆಯಾದರೆ?

ಮೊನ್ನೆ ಒಂಬತ್ತನೇ ತರಗತಿಯಲ್ಲಿ ಡಸ್ಟರ್ ಕಾಣೆಯಾಗಿತ್ತು. ಹಳೆಯ ಪಾಠದ ಮೇಲೆಯೇ ಹೊಸದನ್ನು ಬರೆಯತೊಡಗಿದೆ. ಐದೇ ನಿಮಿಷದಲ್ಲಿ ಬೋರ್ಡಿನ ಮೇಲೆ ಏನಿದೆಯೆಂದು ಮಕ್ಕಳಿಗಿರಲಿ, ನನಗೇ ತಿಳಿಯದಾಯಿತು. ‘ಅಳಿಸದೆ ಬರೆದರೆ ಓದೋದು ಹೇಗೆ ಸಾರ್?’ ಎಂದಳು ಮುಂದಿನ ಬೆಂಚಿನ ಹುಡುಗಿ. ನಮ್ಮ ದೇಹ ಕ್ಷಣಕ್ಷಣಕ್ಕೂ ಎದುರಿಸುವ ಸಮಸ್ಯೆಯೂ ಇದೇ.

ನರದೊಳಗೆ ಸಂದೇಶ ವಿದ್ಯುತ್ತಿನ ರೂಪದಲ್ಲಿ ಹರಿಯುತ್ತದೆ. ಆದರೆ ನರದ ತುದಿಗೂ ಸ್ನಾಯುವಿಗೂ ನಡುವೆ ಅತಿ ಸಣ್ಣ ಸಂದು ಇದೆ. ಅದನ್ನು ದಾಟಿಸುವ ಅಂಚೆಯವನು ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ. ನರಗಳು ಹೀಗೆ ಅಣುಗಳ ಮೂಲಕ ಮಾತಾಡುತ್ತವೆಂದು 1921ರಲ್ಲಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ನಡೆಸಿ ತೋರಿಸಿದವರು ಆಟೊ ಲೋವಿ. 1936ರಲ್ಲಿ ಹೆನ್ರಿ ಡೇಲ್ ಅವರ ಜೊತೆ ನೊಬೆಲ್ ಪಾರಿತೋಷಕ ಪಡೆದರು.

ಅಂಚೆ ಮುಟ್ಟಿತು, ಸರಿ. ಆದರೆ ಆ ಅಣುಗಳು ಅಲ್ಲೇ ಉಳಿದರೆ? ಹಳೆಯ ಸಂದೇಶ ಹೊಸದರೊಡನೆ ಕಲಸಿಹೋಗುತ್ತದೆ. ಅದಕ್ಕೇ ಪ್ರಕೃತಿ ಅಲ್ಲೊಂದು ಡಸ್ಟರ್ ಇಟ್ಟಿದೆ: ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ಇದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲೀನ್ ಅಣುಗಳನ್ನು ಒಡೆದುಹಾಕುತ್ತದೆ.

ದೇಹದೊಳಗೆ ಸಂಚರಿಸಿ ಔಷಧಿ ತಲುಪಿಸಬಲ್ಲ ಸೂಕ್ಷ್ಮ ಯಂತ್ರಗಳ ಕನಸು ಕಾಣುವ ಎಂಜಿನಿಯರುಗಳಿಗೂ ಇದೇ ತೊಡಕು. ರೇಡಿಯೋ ಅಲೆಗಳ ಬದಲು ಅಣುಗಳಿಂದಲೇ ಅವು ಮಾತಾಡಲೆಂದರೆ, ಹಿಂದಿನ ಅಣುಗಳು ಮುಂದಿನ ಮಾತನ್ನು ಕೆಡಿಸುತ್ತವೆ. ಮಾತಿನ ನಡುವೆ ಬಿಡುವು ಕೊಡಬಹುದು, ಆದರೆ ಸಂದೇಶ ನಿಧಾನವಾಗುತ್ತದೆ. ಸುತ್ತಲ ದ್ರವದಲ್ಲೇ ಕಿಣ್ವ ಬೆರೆಸಿ ಹಳೆಯ ಅಣುಗಳನ್ನು ಅಳಿಸುವ ಉಪಾಯವನ್ನು ಆಡಮ್ ನೋಯೆಲ್ ಮತ್ತು ಸಂಗಡಿಗರು 2014ರಲ್ಲಿ ಲೆಕ್ಕಾಚಾರ ಸಹಿತ ಪ್ರಕಟಿಸಿದರು. ಪಾಠ ನರದ್ದೇ!

ಇದು ನಮ್ಮೂರಿನ ಮಾತೂ ಹೌದು. ಅರಸೀಕೆರೆಯ ತೆಂಗಿನ ತೋಟವಿರಲಿ, ಬೇಲೂರಿನ ಕಾಫಿ ತೋಟವಿರಲಿ, ಹಳೇಬೀಡಿನ ಹೊಲವಿರಲಿ, ರೈತರಿಗೆ ಕೀಟನಾಶಕ ಹೊಸದಲ್ಲ. ಅವುಗಳಲ್ಲಿ ಆರ್ಗನೋಫಾಸ್ಫೇಟ್ ಎಂಬ ಗುಂಪು ಕೆಲಸ ಮಾಡುವುದೇ ಡಸ್ಟರ್ ಕದ್ದು. ಅದು ಕಿಣ್ವಕ್ಕೆ ಅಂಟಿಕೊಳ್ಳುತ್ತದೆ. ಅಳಿಸುವವರಿಲ್ಲದೆ ಸಂದೇಶದ ಮೇಲೆ ಸಂದೇಶ ಬಿದ್ದು ಹುಳು ಸೆಟೆದು ಸಾಯುತ್ತದೆ. ಕಷ್ಟವೇನೆಂದರೆ, ಹುಳುವಿನ ಡಸ್ಟರೂ ನಮ್ಮದೂ ಒಂದೇ ಜಾತಿಯವು. ತೆಂಗಿನ ಬೇರಿಗೆ ಉಣಿಸುತ್ತಿದ್ದ ಮಾನೋಕ್ರೋಟೋಫಾಸ್ ಈ ಗುಂಪಿನದೇ. ಅದನ್ನು ತರಕಾರಿಗೆ ಬಳಸುವುದನ್ನು ಸರ್ಕಾರ 2005ರಲ್ಲಿ ನಿಷೇಧಿಸಿತು.

ಔಷಧಿ ಹೊಡೆದವರಿಗೆ ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ವಾಂತಿ, ಕಣ್ಣು ಮಂಜು, ಮಾಂಸಖಂಡದ ಅದುರು, ಏದುಸಿರು ಕಂಡರೆ ‘ಬಿಸಿಲಿಗೆ ಹೀಗಾಗಿದೆ’ ಎಂದು ಮಲಗಿಸಬೇಡಿ. ಕೈಗೆ ಗ್ಲೌಸ್ ಹಾಕಿಕೊಂಡು ಅವರ ಬಟ್ಟೆ ಕಳಚಿ, ಮೈಯನ್ನು ಸೋಪಿನಿಂದ ತೊಳೆಯಿರಿ. ವಾಂತಿ ಮಾಡಿಸಲು ಹೋಗಬೇಡಿ. ಔಷಧಿಯ ಡಬ್ಬದ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಕೊಡುವ ಅಟ್ರೋಪಿನ್ ಹಳೆಯ ಸಂದೇಶದ ಗದ್ದಲವನ್ನು ತಡೆಯುತ್ತದೆ. ಪ್ರಾಲಿಡಾಕ್ಸಿಮ್ ಬೇಗ ಕೊಟ್ಟರೆ ಸಿಕ್ಕಿಬಿದ್ದ ಕಿಣ್ವವನ್ನು ಬಿಡಿಸಬಲ್ಲದು.

ನಮ್ಮ ತರಗತಿಯ ಡಸ್ಟರ್ ಮೇಜಿನ ಹಿಂದೆ ಸಿಕ್ಕಿತು. ದೇಹದ ಡಸ್ಟರ್ ಕಳೆದುಕೊಂಡವರಿಗೆ ಹುಡುಕುತ್ತ ಕೂರುವಷ್ಟು ಸಮಯವಿರುವುದಿಲ್ಲ.