ಸೂಜಿಗೂ ಮುಂಚೆ ಕಾಲ್ಬೆರಳು ನೋಡಿ ಸ್ವಾಮೀ

"ಕಲ್ಲಾಗುವ ಮನುಷ್ಯ"... ಈ ತಲೆಬರಹ ನೀವೂ ನೋಡಿರ್ತೀರಿ. ಕೆಳಗೆ ಹ್ಯಾರಿ ಈಸ್ಟ್‌ಲ್ಯಾಕ್‌ನ ಅಸ್ಥಿಪಂಜರದ ಫೋಟೋ. 1973ರಲ್ಲಿ, ನಲವತ್ತು ತುಂಬೋ ಮೊದಲೇ ತೀರಿಕೊಂಡ ಆತ ಕೊನೆಗೆ ತುಟಿ ಮಾತ್ರ ಆಡಿಸಬಲ್ಲವನಾಗಿದ್ದ. ಅವನ ಎಲುಬುಗೂಡು ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿದೆ. ಓದಿ ಅಯ್ಯೋ ಪಾಪ ಅಂದು ಮುಂದೆ ಹೋಗ್ತೀವಿ. ಆದ್ರೆ ಇಂಥ ಬರಹಗಳಲ್ಲಿ ಬೇಕಾದ ಒಂದೇ ಒಂದು ಮಾತು ಇರೋದಿಲ್ಲ, ನನ್ನ ಸಿಟ್ಟು ಅದಕ್ಕೆ.

ಕಾಯಿಲೆಯ ಹೆಸರು ಫೈಬ್ರೋಡಿಸ್‌ಪ್ಲೇಸಿಯಾ ಆಸಿಫಿಕಾನ್ಸ್ ಪ್ರೊಗ್ರೆಸಿವಾ. ಉಸಿರು ಕಟ್ಟುವಷ್ಟು ಉದ್ದ, ಎಫ್‌ಓಪಿ ಅನ್ನೋಣ. ಸ್ನಾಯು, ಸ್ನಾಯುರಜ್ಜು ಇರೋ ಕಡೆ ಮೂಳೆ ಬೆಳೆಯುತ್ತೆ. ಮೊದಲು ಬರೋದು ಊತ. ಎಷ್ಟೋ ಮಕ್ಕಳಲ್ಲಿ ಕುತ್ತಿಗೆ, ಬೆನ್ನಲ್ಲಿ ಶುರು. ದವಡೆ ಕೆಳಗೆ ಊದಿಕೊಂಡರೆ ಮಂಗನಬಾವು ಅಂತಲೋ ಕೀವುಗಡ್ಡೆ ಅಂತಲೋ ಕ್ಯಾನ್ಸರ್ ಅಂತಲೋ ಅನುಮಾನ. ಆ ಜಾಗದ ಊತ ನುಂಗೋದಕ್ಕೆ, ಉಸಿರಾಡೋದಕ್ಕೇ ಕುತ್ತು ತರಬಹುದು. ಗಾಬರಿಯಲ್ಲಿ ಮಾಡೋದೇನು? ಒಂದು ತುಂಡು ಕತ್ತರಿಸಿ ಬಯಾಪ್ಸಿಗೆ ಕಳಿಸೋದು!

ಅಲ್ಲೇ ಅನಾಹುತ. ಕತ್ತರಿಸಿದಲ್ಲಿ ಮತ್ತೆ ಊತ, ಊತದ ಜಾಗದಲ್ಲಿ ಮೂಳೆ. ಸ್ನಾಯುವಿಗೆ ಚುಚ್ಚೋ ಇಂಜೆಕ್ಷನ್ನೂ ಅದನ್ನೇ ಮಾಡಬಹುದು. ಹಲ್ಲು ಕೀಳೋಕೆ ಕೆಳದವಡೆ ಮರಗಟ್ಟಿಸೋ ಸೂಜಿ ಹಾಕಿದ್ದಕ್ಕೇ ಬಾಯಿ ಶಾಶ್ವತವಾಗಿ ಬಿಗಿದವರಿದ್ದಾರೆ. ಬಾಯಿ ಬಿಗಿದರೆ ಅನ್ನ ತಿನ್ನೋದು, ಹಲ್ಲುಜ್ಜೋದು ಎಲ್ಲ ಪಾಡು. ವಾಂತಿ ಬಂದರೆ ಜೀವಭಯ. ಮುಂದೆ ಅರಿವಳಿಕೆ ಕೊಡಬೇಕಾದರೆ ಗಂಟಲಿಗೆ ನಳಿಕೆ ಇಳಿಸೋದೂ ಕಷ್ಟ.

2005ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ನೂರಕ್ಕೆ 87 ರೋಗಿಗಳಿಗೆ ಮೊದಲು ತಪ್ಪು ಕಾಯಿಲೆಯ ಹೆಸರು ಹೇಳಲಾಗಿತ್ತು. ಸುಮಾರು ಅರ್ಧದಷ್ಟು ಜನರಿಗೆ ಆ ಕತ್ತರಿ-ಸೂಜಿಗಳಿಂದಲೇ ಶಾಶ್ವತ ಊನ.

"ಹತ್ತಿಪ್ಪತ್ತು ಲಕ್ಷಕ್ಕೊಬ್ಬರಿಗೆ ಬರೋದನ್ನ ಡಾಕ್ಟ್ರು ಹೇಗ್ರೀ ನೆನಪಿಟ್ಕೋತಾರೆ?" ಅಂತೀರಾ? ಹೆಸರು ನೆನಪಿರೋದು ಬೇಡ, ಮಗುವಿನ ಕಾಲುಚೀಲ ಬಿಚ್ಚಿ ಸಾಕು. ಎಫ್‌ಓಪಿ ಇರುವ ಬಹುತೇಕ ಎಲ್ಲರಲ್ಲೂ ಕಾಲಿನ ಹೆಬ್ಬೆರಳು ಹುಟ್ಟಿನಿಂದಲೇ ಗಿಡ್ಡ, ಪಕ್ಕದ ಬೆರಳ ಕಡೆ ವಾಲಿರುತ್ತೆ. ನಯಾಪೈಸೆ ಖರ್ಚಿಲ್ಲ! ಕರ್ನಾಟಕದ ಜನಸಂಖ್ಯೆ 2011ರ ಗಣತಿಯಲ್ಲೇ 6 ಕೋಟಿ ದಾಟಿತ್ತು. ಲೆಕ್ಕ ಹಾಕಿ, ಮೂವತ್ತೋ ಅರವತ್ತೋ ಜನ ನಮ್ಮಲ್ಲೂ ಇರಬೇಕು. "ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ" ಅಂತ ನಾವೇ ದುಂಬಾಲು ಬೀಳೋ ಊರಲ್ಲಿ!

(ಇದನ್ನ ತೋರಿಸಿ ಮಕ್ಕಳಿಗೆ ಲಸಿಕೆ ಬೇಡ ಅನ್ನೋ ಮಹಾನುಭಾವರು ದಯವಿಟ್ಟು ದೂರ ಇರಿ. ನಾನು ಹೇಳ್ತಿರೋದು ಈ ಬೆರಳು, ಈ ಊತ ಎರಡೂ ಇರೋ ಮಕ್ಕಳ ವಿಷಯ.)

ಖಚಿತ ಮಾಡ್ಕೊಳ್ಳೋಕೆ ಗಡ್ಡೆ ಕತ್ತರಿಸಬೇಕಾಗಿಯೂ ಇಲ್ಲ. ಎಸಿವಿಆರ್1 ಅನ್ನೋ ಜೀನ್‌ನಲ್ಲಿನ ದೋಷವೇ ಕಾರಣ ಅಂತ 2006ರಲ್ಲೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಪತ್ತೆ ಮಾಡಿದರು. ಪರೀಕ್ಷೆಗೆ ರಕ್ತ ಸಾಕು, ರಕ್ತನಾಳದಿಂದ ಹುಷಾರಾಗಿ ತೆಗೆದರೆ ಅಪಾಯವಿಲ್ಲ. 2023ರಲ್ಲಿ ಅಮೆರಿಕ ಪಾಲೊವರೊಟಿನ್ ಅನ್ನೋ ಔಷಧಿಗೆ ಒಪ್ಪಿಗೆ ಕೊಟ್ಟಿತು. ಅದು ಹೊಸ ಮೂಳೆ ಬೆಳೆಯೋದನ್ನ ಕಡಿಮೆ ಮಾಡುತ್ತೆ, ಅಷ್ಟೇ. ಬಯಾಪ್ಸಿಯಿಂದ ಆಗಲೇ ಬೆಳೆದುಬಿಟ್ಟ ಮೂಳೆಯನ್ನ ಅದು ಕರಗಿಸೋದಿಲ್ಲ.