ರೂವಾರಿಗಳ ನಾಡಿನಲ್ಲಿ ರೂವಾರಿಗೆ ಬೆಲೆಯಿಲ್ಲ

ಈ ವರ್ಷ ಪಿಯುಸಿ ಫಲಿತಾಂಶ ಬಂದ ಮರುವಾರ ಹಳೆಯ ಪರಿಚಯದವರೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಕಾಫಿ ಮುಗಿಯುವ ಮೊದಲೇ ವಿಷಯಕ್ಕೆ ಬಂದರು: "ಮೇಷ್ಟ್ರೇ, ಇವನಿಗೆ ಒಳ್ಳೆ ಕಡೆ ಇಂಜಿನಿಯರಿಂಗ್ ಸೀಟು ಸಿಗೋ ಹಾಗೆ ಕಾಣಲ್ಲ. ಹೋಗ್ಲಿ, ಆರ್ಕಿಟೆಕ್ಚರ್‌ಗಾದರೂ ಹಾಕೋಣವೇ?" ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಆ "ಹೋಗ್ಲಿ" ಮತ್ತು "ಆದರೂ" ಎಂಬ ಎರಡು ಮಾತುಗಳು ನನ್ನನ್ನು ಅಂದಿನಿಂದ ಕಾಡುತ್ತಿವೆ. ಅದರ ಫಲವೇ ಈ ಬರಹ.

ಓದುಗ ಮಿತ್ರರೇ, ಇಂಜಿನಿಯರಿಂಗ್ ತಪ್ಪಿದವರಿಗೆ ಸಿಗುವ ಸಮಾಧಾನಕರ ಬಹುಮಾನವೇ ವಾಸ್ತುಶಿಲ್ಪದ ವ್ಯಾಸಂಗ? ಇಂಜಿನಿಯರಿಂಗ್ ಪದವಿಗೆ ನಾಲ್ಕು ವರ್ಷ ಸಾಕು. ಇದಕ್ಕೆ ಐದು ವರ್ಷ ಬೇಕು. ಗಣಿತ, ಭೌತಶಾಸ್ತ್ರ ಓದಿದ್ದರಷ್ಟೇ ಸಾಲದು. ಅಭಿರುಚಿ ಪರೀಕ್ಷೆಯಾದ ನಾಟಾ ಅಥವಾ ಜೆಇಇಯಲ್ಲಿ ಇದಕ್ಕೆಂದೇ ಇರುವ ಪತ್ರಿಕೆಯನ್ನು ಬರೆಯಬೇಕು. ಒಳಗೆ ಹೋದ ಮೇಲೆ ರೇಖಾಚಿತ್ರ, ಕಟ್ಟಡ ಸಾಮಗ್ರಿ, ರಚನೆಯ ಬಲಾಬಲ, ಹವಾಮಾನ, ಇತಿಹಾಸ, ನಗರ ಯೋಜನೆ ಎಲ್ಲವನ್ನೂ ಕಲಿಯಬೇಕು. ರಾತ್ರಿಯೆಲ್ಲ ಕುಳಿತು ರಚಿಸಿದ ವಿನ್ಯಾಸವನ್ನು ಬೆಳಿಗ್ಗೆ ಗುರುಗಳು ಎಲ್ಲರೆದುರು ಬಿಡಿಬಿಡಿಸಿ ತಪ್ಪು ತೋರಿಸಿದರೆ ತಾಳಿಕೊಳ್ಳುವ ಮನಸ್ಸೂ ಇರಬೇಕು. ಇಂತಹ ವ್ಯಾಸಂಗಕ್ಕೆ ಒಲ್ಲದ ಮಗುವನ್ನು ತಳ್ಳುವುದು ಮಗುವಿಗೂ ಅನ್ಯಾಯ, ವಿದ್ಯೆಗೂ ಅನ್ಯಾಯ.

ಆದರೆ ನನ್ನ ಮುಖ್ಯ ತಕರಾರು ಅದಲ್ಲ. ಮಕ್ಕಳನ್ನು ಈ ವಿದ್ಯೆಗೆ ಸೇರಿಸಲು ಲಕ್ಷಗಟ್ಟಲೆ ಸುರಿಯುವ ನಾವೇ, ಓದಿ ಬಂದವರ ಕೆಲಸಕ್ಕೆ ಸಾವಿರ ರೂಪಾಯಿ ಕೊಡಲು ಹಿಂದೆಮುಂದೆ ನೋಡುತ್ತೇವಲ್ಲ, ಇದೆಂತಹ ನ್ಯಾಯ?

ಈ ಪ್ರಶ್ನೆಯನ್ನು ಮೊದಲು ನನಗೇ ಕೇಳಿಕೊಳ್ಳಬೇಕು. ನಿವೃತ್ತಿಗೆ ಮೂರು ವರ್ಷ ಮುಂಚೆ 30×40 ಅಡಿ ನಿವೇಶನದಲ್ಲಿ ನಾನು ಮನೆ ಕಟ್ಟಿಸಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆಗಲೇ ಆರ್ಕಿಟೆಕ್ಟ್ ಆಗಿದ್ದಳು. ಗಾರೆ ಕೆಲಸದವರ ಮಗಳು. ನನ್ನ ತರಗತಿಯಲ್ಲಿ ಪಟ್ಟಿ ಪುಸ್ತಕದ ಕೊನೆಯ ಪುಟಗಳ ತುಂಬ ಮನೆಗಳನ್ನೇ ಬಿಡಿಸುತ್ತಿದ್ದವಳು. ವಿಷಯ ತಿಳಿದು ಫೋನ್ ಮಾಡಿ, "ಸಾರ್, ನಾನೊಂದು ಸಲ ಸೈಟು ನೋಡ್ತೀನಿ" ಎಂದಳು. ನಾನು ಹಾರಿಕೆಯ ಉತ್ತರ ಕೊಟ್ಟೆ. ಕಂತ್ರಾಟುದಾರನ ಕಡೆಯವನು 5,000 ರೂಪಾಯಿಗೆ ನಕ್ಷೆ ಬರೆದುಕೊಟ್ಟ. ಅದನ್ನು ವಾಸ್ತು ಹೇಳುವವರೊಬ್ಬರು ತಿದ್ದಿದರು. ಅವರ ದಕ್ಷಿಣೆ ನಕ್ಷೆಯ ಬೆಲೆಗಿಂತ ಹೆಚ್ಚಾಯಿತು. ತೇಗದ ಮುಂಬಾಗಿಲಿನ ಕೆತ್ತನೆಗೆ 40,000 ಕೊಟ್ಟೆ. ಗೃಹಪ್ರವೇಶದ ದಿನ ಆ ಹುಡುಗಿ ಬಂದು, ನಮಸ್ಕರಿಸಿ, ಮನೆಯನ್ನೆಲ್ಲ ಒಮ್ಮೆ ಸುತ್ತಿ ಬಂದು ಮೆಲ್ಲಗೆ ಕೇಳಿದಳು: "ಸಾರ್, ಮಧ್ಯಾಹ್ನ ಹನ್ನೆರಡಕ್ಕೂ ಅಡುಗೆಮನೇಲಿ ಲೈಟ್ ಹಾಕ್ಬೇಕಾ?" ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಹೆಂಡತಿ ಇಂದಿಗೂ ಹಗಲಿನಲ್ಲಿ ದೀಪ ಹಾಕಿಕೊಂಡೇ ಅಡುಗೆ ಮಾಡುತ್ತಾಳೆ.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಗೋಡೆ ಬೀಳದಂತೆ ನೋಡಿಕೊಳ್ಳುವುದು ಇಂಜಿನಿಯರರ ವಿದ್ಯೆ. ಆ ಗೋಡೆಗಳ ನಡುವೆ ಮನುಷ್ಯರು ಹೇಗೆ ಬಾಳುತ್ತಾರೆ, ಗಾಳಿ ಎತ್ತಲಿಂದ ಬರಬೇಕು, ಮುದುಕರು ಎಲ್ಲಿ ಕೂರಬೇಕು ಎಂದು ಚಿಂತಿಸುವುದು ವಾಸ್ತುಶಿಲ್ಪಿಯ ವಿದ್ಯೆ. ಒಂದು ಇನ್ನೊಂದರ ಬದಲಿಯಲ್ಲ.

"ಆರ್ಕಿಟೆಕ್ಟ್ ಎಲ್ಲಾ ಶ್ರೀಮಂತರಿಗೆ, ಮೇಷ್ಟ್ರೇ" ಎನ್ನುವವರಿದ್ದಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಅವರನ್ನು ನೆನೆಯಲಿ. ಇಟ್ಟಿಗೆಯನ್ನು ಮಲಗಿಸದೆ ಮಗ್ಗುಲ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟುವ ಕ್ರಮವನ್ನು ಅವರು ಬಳಕೆಗೆ ತಂದರು. ಸುಮಾರು ಕಾಲುಭಾಗ ಇಟ್ಟಿಗೆ ಉಳಿಯಿತು, ಪೊಳ್ಳಿನ ಗಾಳಿ ಬಿಸಿಲಿನ ಝಳವನ್ನೂ ತಡೆಯಿತು. ತಾರಸಿಯ ಕಾಂಕ್ರೀಟಿನಲ್ಲಿ ಹೆಂಚುಗಳನ್ನು ಇರಿಸಿ ಸಿಮೆಂಟು, ಕಬ್ಬಿಣ ಎರಡನ್ನೂ ಮಿಗಿಸಿದರು. ಹಣ ಕಡಿಮೆ ಇದ್ದವನಿಗೇ ಒಳ್ಳೆಯ ವಾಸ್ತುಶಿಲ್ಪಿ ಹೆಚ್ಚು ಬೇಕು, ಏಕೆಂದರೆ ಅವನು ಎರಡನೆಯ ಸಲ ಕಟ್ಟಲಾರ.

ಕಾನೂನಾದರೂ ಇವರ ಕೈ ಹಿಡಿಯುತ್ತದೆಯೇ? 1972ರ ಕಾಯಿದೆಯಂತೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರಷ್ಟೇ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಆದರೆ ಆ ಕಾಯಿದೆ ಕಾಪಾಡುವುದು ಹೆಸರನ್ನು ಮಾತ್ರ, ಕೆಲಸವನ್ನಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿತು. ಹೀಗಾಗಿ ಈ ವೃತ್ತಿಯ ಉಳಿವು ನಮ್ಮ ತಿಳಿವಳಿಕೆಯ ಮೇಲೆಯೇ ನಿಂತಿದೆ. ನಮಗೆ ತಿಳಿವಳಿಕೆ ಇಲ್ಲದ್ದರಿಂದಲೇ ಐದು ವರ್ಷ ಓದಿದ ಮಕ್ಕಳು ದೊಡ್ಡ ಕಚೇರಿಗಳ ಕಂಪ್ಯೂಟರಿನ ಮುಂದೆ ಇನ್ನೊಬ್ಬರ ಬಹುಮಹಡಿ ಕಟ್ಟಡಕ್ಕೆ ಬಣ್ಣದ ಚಿತ್ರ ಮಾಡಿಕೊಡುತ್ತ, ಅಲ್ಪ ಸಂಬಳಕ್ಕೆ ವರ್ಷಗಳನ್ನು ಸವೆಸುತ್ತಾರೆ. ನನ್ನ ವಿದ್ಯಾರ್ಥಿನಿಯೂ ಮೊದಲ ನಾಲ್ಕು ವರ್ಷ ಹಾಗೆಯೇ ಕಳೆದಳು.

ನಾನು ವರ್ಷವರ್ಷವೂ ಮಕ್ಕಳನ್ನು ಬೇಲೂರಿಗೆ ಪ್ರವಾಸ ಕರೆದೊಯ್ಯುತ್ತಿದ್ದೆ. ಅಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರು ಕಲ್ಲಿನಲ್ಲಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಹೊಯ್ಸಳರ ಕಾಲದಲ್ಲಿ ಕಟ್ಟಿದವನಿಗೆ, ಕೆತ್ತಿದವನಿಗೆ ತನ್ನ ಹೆಸರನ್ನು ಬರೆದುಕೊಳ್ಳುವ ಹಕ್ಕಿತ್ತು. 2023ರಲ್ಲಿ ಯುನೆಸ್ಕೋ ಈ ದೇಗುಲಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾವೆಲ್ಲ ಎದೆಯುಬ್ಬಿಸಿದೆವು. ಆದರೆ ನಮ್ಮೂರ ಬಸ್ ನಿಲ್ದಾಣವನ್ನು ರೂಪಿಸಿದವರು ಯಾರು? ಅಲ್ಲಿ ಶಂಕುಸ್ಥಾಪನೆ ಮಾಡಿದವರ ಹೆಸರಿದೆ, ಉದ್ಘಾಟಿಸಿದವರ ಹೆಸರಿದೆ, ಅಧ್ಯಕ್ಷತೆ ವಹಿಸಿದವರ ಹೆಸರೂ ಇದೆ. "ರೂವಾರಿ" ಎಂಬ ಶಿಲ್ಪಿಯ ಬಿರುದನ್ನು ಕೂಡ ಪತ್ರಿಕೆಗಳು ಈಗ ಚುನಾವಣೆಯ ಗೆಲುವಿಗೆ ಬಳಸುತ್ತವೆ!

ಕೊನೆಗೆ ಆ ಹುಡುಗನನ್ನೇ ಕೇಳಿದೆ: "ನಿನಗೇನು ಇಷ್ಟವಪ್ಪ?" ಬಹಳ ಹೊತ್ತಿನ ಮೇಲೆ, "ಗೊತ್ತಿಲ್ಲ ಸಾರ್" ಎಂದ. ಅದು ಪ್ರಾಮಾಣಿಕ ಉತ್ತರ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಐಐಎಂ ಆವರಣವನ್ನು ಅವಕಾಶ ಸಿಕ್ಕಾಗ ನೋಡಿ ಬಾ ಎಂದೆ. 2018ರಲ್ಲಿ ಪ್ರಿಟ್ಸ್ಕರ್ ಪ್ರಶಸ್ತಿ ಪಡೆದ ಬಾಲಕೃಷ್ಣ ದೋಶಿಯವರು ರೂಪಿಸಿದ್ದು ಅದು. ಆ ಕಲ್ಲಿನ ಓಣಿಗಳಲ್ಲಿ ನಡೆದಾಡುವಾಗ ಬಿಸಿಲು ಎಲ್ಲಿಂದ ಇಳಿಯುತ್ತದೆ ಎಂದು ನಿನ್ನ ಕಣ್ಣು ತಾನಾಗಿ ಹುಡುಕಿದರೆ ಈ ವಿದ್ಯೆಗೆ ಸೇರು, ಇಲ್ಲದಿದ್ದರೆ ಬೇಡ ಎಂದೆ. ನಗರ ಯೋಜನೆ, ಹಳೆಯ ಕಟ್ಟಡಗಳ ಸಂರಕ್ಷಣೆ, ಉದ್ಯಾನ ವಿನ್ಯಾಸ, ಒಳಾಂಗಣ, ಅಧ್ಯಾಪನ ಎಂದು ಮುಂದೆ ದಾರಿಗಳು ಹಲವಿವೆ, ಆದರೆ ಮೊದಲ ಹತ್ತು ವರ್ಷ ತಾಳ್ಮೆ ಬೇಕು ಎಂಬುದನ್ನೂ ಮುಚ್ಚಿಡಲಿಲ್ಲ.

ಅವನ ತಂದೆಗೆ ಹೇಳಿದ್ದು ಒಂದೇ ಮಾತು: "ಮಗನನ್ನು ಓದಿಸಿ, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಹೊಸ ಮನೆಗೆ ಮೊದಲು ಒಬ್ಬ ಆರ್ಕಿಟೆಕ್ಟನ್ನು ಕರೆಸಿ, ಅವರು ಕೇಳಿದ ಸಂಭಾವನೆ ಕೊಡಿ. ನೀವು ಇನ್ನೊಬ್ಬರ ಮಗನಿಗೆ ಕೊಡದಿದ್ದರೆ, ನಾಳೆ ನಿಮ್ಮ ಮಗನಿಗೆ ಕೊಡುವವರು ಯಾರು?"